ಪೀಸ್‌ಪೋರ್ಟ್ ಹೆಸರಿನ ವೈನೆಲ್ಲ ಆ ಗುಡ್ಡದ್ದಲ್ಲ

ಜರ್ಮನಿಯ ಮೊಸೆಲ್ ಕಣಿವೆಗೆ ಪ್ರವಾಸ ಹೋಗುವ ಕನ್ನಡಿಗರು, ಅದರಲ್ಲೂ ಊರಿಗೆ ಮರಳುವಾಗ ಒಳ್ಳೆಯ ಬಿಳಿ ವೈನ್ ತರಬೇಕೆಂದಿರುವವರು, ‘ಪೀಸ್‌ಪೋರ್ಟರ್ ಮಿಶೆಲ್ಸ್‌ಬೆರ್ಗ್’ ಎಂಬ ಲೇಬಲ್ಲಿನ ಬಾಟಲಿಯನ್ನು ಒಂದೇ ಗುಡ್ಡದ ತೋಟದ್ದೆಂದು ಹೇಳಿ ಯಾರಾದರೂ ದುಬಾರಿ ಬೆಲೆಗೆ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ. ನದಿದಂಡೆಯ ಪೇಟೆಯೊಂದರ ಅಂಗಡಿಯವರು ನನಗೆ ಹಾಗೆಯೇ ಮಾರಿದರು.

ಪೀಸ್‌ಪೋರ್ಟ್ ಊರಿಗೆ ಹೆಸರು ತಂದಿರುವುದು ಗೋಲ್ಡ್‌ಟ್ರೋಪ್ಫ್‌ಶೆನ್ ಎಂಬ ಗುಡ್ಡ. ನದಿ ಬಳಸಿ ಹರಿಯುವಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಅರ್ಧಚಂದ್ರಾಕಾರವಾಗಿ ನಿಂತಿರುವ, ಸುಮಾರು 65 ಹೆಕ್ಟೇರಿನ ಈ ಇಳಿಜಾರಿನ ಸ್ಲೇಟು ಕಲ್ಲು ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ರಾತ್ರಿ ಬಳ್ಳಿಗಳಿಗೆ ಬಿಸುಪು ಕೊಡುತ್ತದೆ. ಇಳಿಜಾರು ಕಡಿದಾಗಿರುವುದರಿಂದ ಬಹುಪಾಲು ಕೆಲಸ ಕೈಯಿಂದಲೇ ಆಗಬೇಕು. ಅದರ ಬುಡದಲ್ಲಿ 4ನೇ ಶತಮಾನದ ರೋಮನ್ನರು ದ್ರಾಕ್ಷಿ ಹಿಂಡುತ್ತಿದ್ದ ಕಟ್ಟಡದ ಅವಶೇಷ 1985ರಲ್ಲಿ ಸಿಕ್ಕಿದೆ. ಇಲ್ಲಿ ಬೆಳೆದ ರೀಸ್ಲಿಂಗ್ ದ್ರಾಕ್ಷಿಯ ವೈನಿಗೆ ಹೆಚ್ಚು ಬೆಲೆ ಕೇಳಿದರೆ ಅದು ನ್ಯಾಯವೇ.

ಮಿಶೆಲ್ಸ್‌ಬೆರ್ಗಿನ ಸಂಗತಿ ಬೇರೆ. 1971ರ ಜರ್ಮನ್ ವೈನ್ ಕಾಯ್ದೆಯು ಬಿಡಿ ತೋಟಗಳನ್ನು ಐನ್ಸೆಲ್‌ಲಾಗೆ ಎಂದೂ, ಅನೇಕ ತೋಟಗಳನ್ನು ಒಟ್ಟುಗೂಡಿಸಿದ ವಲಯಗಳನ್ನು ಗ್ರೋಸ್‌ಲಾಗೆ ಎಂದೂ ವಿಂಗಡಿಸಿತು. ಆದರೆ ಲೇಬಲ್ಲಿನ ಮೇಲೆ ಮೊದಲು ಊರು, ಆಮೇಲೆ ತೋಟ ಎಂಬ ಒಂದೇ ಬಗೆಯ ಬರವಣಿಗೆಗೆ ಎರಡಕ್ಕೂ ಅವಕಾಶ ಕೊಟ್ಟಿತು. ಮಿಶೆಲ್ಸ್‌ಬೆರ್ಗ್ ಇಂಥ ಒಂದು ಗ್ರೋಸ್‌ಲಾಗೆ. ಹೀಗಾಗಿ ಟ್ರಿಟ್ಟನ್‌ಹೈಮ್, ನಾಯ್ಮಾಗನ್-ಡ್ರೋನ್ ಮೊದಲಾದ ಸುತ್ತಲಿನ ಊರುಗಳ ದ್ರಾಕ್ಷಿಯೂ, ನದಿಬದಿಯ ಸಮತಟ್ಟು ನೆಲದ ದ್ರಾಕ್ಷಿಯೂ ಪೀಸ್‌ಪೋರ್ಟಿನ ಹೆಸರು ಹೊತ್ತು ಮಾರಾಟವಾಗತೊಡಗಿತು. ಕೊಳ್ಳುವವರ ಕಣ್ಣಿಗೆ ಮಣ್ಣೆರಚಲೆಂದೇ ಬರೆದ ಕಾನೂನಿನಂತಿದೆ ಇದು.

ನಾನು ಕೊಂಡ ಬಾಟಲಿಗಳ ಮುಂದೆ, ಕಡಿದಾದ ಇಳಿಜಾರಿನ ಏಕೈಕ ತೋಟದ ವೈನ್ ಎಂದು ಕೈಯಲ್ಲಿ ಬರೆದ ಚೀಟಿ ನಿಲ್ಲಿಸಿದ್ದರು. ಮಾರುವವರು ಕಿಟಕಿಯಾಚೆಯ ಗುಡ್ಡವನ್ನೇ ತೋರಿಸಿ ಅದನ್ನು ಖಚಿತಪಡಿಸಿದರು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಎರಡೇ ಲೀಟರ್ ಆದ್ದರಿಂದ, ಮುಕ್ಕಾಲು ಲೀಟರಿನ ಎರಡು ಬಾಟಲಿ ತಂದರೆ ಮುಗಿಯಿತು, ಇನ್ನೊಂದಕ್ಕೆ ಜಾಗವಿಲ್ಲ. ಬೆಂಗಳೂರಿನಲ್ಲಿ ಭಾವನವರ ಮನೆಯಲ್ಲಿ ಒಂದನ್ನು ತೆರೆದೆವು. ರೀಸ್ಲಿಂಗಿನ ಸಿಹಿಯನ್ನು ಹದದಲ್ಲಿಡುವ ಚುರುಕಾದ ಹುಳಿಯ ಸುಳಿವೇ ಅದರಲ್ಲಿರಲಿಲ್ಲ. ಕಲ್ಲುಸಕ್ಕರೆ ಕದಡಿದ ನೀರಿನಂತೆ ನಾಲಗೆಯ ಮೇಲೆ ಸಪ್ಪಗೆ ಕುಳಿತಿತು. ಭಾವ ಬಾಟಲಿಯನ್ನು ತಿರುಗಿಸಿ ನೋಡಿದರೆ, ದ್ರಾಕ್ಷಿಯ ತಳಿಯ ಹೆಸರು ಎಲ್ಲಿಯೂ ಇಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಅಬ್‌ಫ್ಯುಲರ್’, ಅಂದರೆ ಬಾಟಲಿಗೆ ತುಂಬಿದವರ ಹೆಸರು ಮಾತ್ರ. ಅಂಗಡಿಗೆ ಇಮೇಲ್ ಬರೆದು ಕೇಳಿದಾಗ, ಲೇಬಲ್ ಕಾನೂನುಬದ್ಧವಾಗಿಯೇ ಇದೆ, ಚೀಟಿ ಪಕ್ಕದ ಸಾಲಿನ ಬಾಟಲಿಗಳಿಗೆ ಸೇರಿದ್ದು, ತೆರೆದ ಬಾಟಲಿಗೆ ಹಣ ಮರಳಿಸುವುದಿಲ್ಲ ಎಂಬ ಉತ್ತರ ಬಂತು. ಲೇಬಲ್ಲಿನ ಮಾತು ನಿಜ. ಆದರೆ ಗುಡ್ಡ ತೋರಿಸಿದ ಕೈಯ ಬಗ್ಗೆ ಆ ಉತ್ತರದಲ್ಲಿ ಒಂದು ಮಾತೂ ಇರಲಿಲ್ಲ.

ಆದ್ದರಿಂದ ಅಂಗಡಿಯ ಚೀಟಿಯನ್ನು ಬಿಟ್ಟು ಬಾಟಲಿಯನ್ನೇ ಓದಿ. ‘ರೀಸ್ಲಿಂಗ್’ ಎಂದು ನಮೂದಾಗಿದ್ದರೆ ಕನಿಷ್ಠ 85% ಆ ತಳಿಯೇ ಇರಬೇಕು. ತಳಿಯ ಹೆಸರಿಲ್ಲದಿದ್ದರೆ ಬೇಗ ಹಣ್ಣಾಗಿ ಹೆಚ್ಚು ಇಳುವರಿ ಕೊಡುವ ಮ್ಯುಲರ್-ಥುರ್ಗೌ ಇದ್ದೀತು. ‘ಗುಟ್ಸ್‌ಅಬ್‌ಫ್ಯುಲುಂಗ್’ ಎಂದಿದ್ದರೆ ಬೆಳೆದವರೇ ವೈನ್ ಮಾಡಿ ತುಂಬಿಸಿದ್ದಾರೆ ಎಂದು ತಿಳಿಯಬಹುದು. ಬೆರ್ನ್‌ಕಾಸ್ಟಲ್ ಊರಿನ ವೈನಿಗೂ ಇದೇ ಎಚ್ಚರ ಬೇಕು: ಅಲ್ಲಿ ‘ಡೊಕ್ಟರ್’ ಎಂಬುದು ಅತಿ ಚಿಕ್ಕ, ಹೆಸರಾಂತ ಗುಡ್ಡದ ತೋಟ, ‘ಕುರ್‌ಫ್ಯುರ್ಸ್ಟ್‌ಲೈ’ ವಿಶಾಲ ವಲಯ.

2026ರ ಕೊಯ್ಲಿನ ವೈನಿನಿಂದ ಇಂಥ ವಲಯದ ಹೆಸರಿಗೆ ಮೊದಲು ‘ರೆಗಿಯೋನ್’ ಎಂದು ಸೇರಿಸಬೇಕು, ಊರಿನ ಹೆಸರನ್ನು ಜೋಡಿಸಬಾರದು ಎಂಬ ನಿಯಮ ಅಲ್ಲಿ ಬಂದಿದೆ. ಅದಕ್ಕಿಂತ ಹಿಂದಿನ ವರ್ಷಗಳ ಬಾಟಲಿಗಳಿಗೆ ಅದು ಅನ್ವಯಿಸುವುದಿಲ್ಲ.