ಕನ್ನಡದಲ್ಲೇ ಬರೆದ ಅನುದಾನದ ಅರ್ಜಿ

ಬೆಂಗಳೂರಿನ ತಿಗಳರಪೇಟೆಯ ಕರಗವನ್ನು ಆರು ವರ್ಷಗಳಿಂದ ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಿದ್ದೇನೆ. ವರ್ಷಕ್ಕೆ ಒಂದೇ ಚೈತ್ರ ಹುಣ್ಣಿಮೆ. ಕೈತಪ್ಪಿದ ಚಿತ್ರಕ್ಕೆ ಮತ್ತೊಂದು ವರ್ಷ ಕಾಯಬೇಕು. ಕರಗಕ್ಕೆ ಕಾವಲಾಗಿ ನಡೆಯುವ ವೀರಕುಮಾರನೊಬ್ಬನ ಕತ್ತಿಯ ಅಲಗಿಗೆ ಅಂಟಿಕೊಂಡ ಮಲ್ಲಿಗೆಯ ಎಸಳು ನನಗೆ ದಕ್ಕಿದ್ದು ನಾಲ್ಕನೆಯ ವರ್ಷ. ಮದುವೆ ಫೋಟೊಗಳ ಸಂಪಾದನೆ ಇದಕ್ಕೆ ಸಾಲದು. ವಿದೇಶದ ಅನುದಾನವೊಂದಕ್ಕೆ ಶುಲ್ಕ ಕಟ್ಟಿ ಅರ್ಜಿ ಹಾಕಿದ್ದೆ. ಒಂದು ಸಾಲಿನ ಉತ್ತರವೂ ಬರಲಿಲ್ಲ, ಬೇಸರವಾಯಿತು.

1995ರಿಂದ ಅನುದಾನ ನೀಡುತ್ತಿರುವ ನಮ್ಮೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲೂ ಪ್ರಸ್ತಾವ ಸ್ವೀಕರಿಸುತ್ತದೆ. ಇದು ದೊಡ್ಡ ಮಾತು! ಮುಖ್ಯ ಕರಗಕ್ಕೆ ಮುಂಚಿನ ಆಚರಣೆಯಾದ ಹಸಿ ಕರಗವನ್ನು ಇಂಗ್ಲಿಷಿಗೆ ಒಗ್ಗಿಸುವ ಪಾಡು ತಪ್ಪಿತು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದೆ. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಖರ್ಚಿನ ಪಟ್ಟಿ ಬರೆಯುವಾಗ, ಕೆಲಸ ಮುಗಿಯಲು ಎಷ್ಟು ಹುಣ್ಣಿಮೆ ಬೇಕೆಂದು ಮೊದಲ ಸಲ ಎಣಿಸಿದೆ: ಇನ್ನು ಮೂರು.