ಕ್ಲಾಸಲ್ಲಿ ಗೂಗಲ್ ಡಾಕ್ಸ್, ಒಂದು ವರ್ಷ ಬಳಸಿದ ಮೇಲೆ

ಎಂಟನೇ ಕ್ಲಾಸಿನ ಗ್ರೂಪ್ ಪ್ರಾಜೆಕ್ಟ್‌ಗೆ ಎಲ್ರೂ ಒಂದೇ ಫೈಲಲ್ಲಿ ಆನ್‌ಲೈನಾಗಿ ಒಟ್ಟಿಗೆ ಬರೆಯೋ ಈ ಗೂಗಲ್ ಡಾಕ್ಸನ್ನೇ ಬಳಸ್ತಿದೀನಿ, ಒಟ್ಟಾರೆ ಖುಷಿನೇ. ಮೊದಲನೇ ದಿನ ಮಾತ್ರ ಸಂತೆ ಆಗೋಯ್ತು, ಲಿಂಕ್ ಇದ್ದೋರೆಲ್ಲ ಎಡಿಟ್ ಮಾಡ್ಲಿ ಅಂತ ನಾನೇ ಓಪನ್ ಬಿಟ್ಟಿದ್ದೆ, ಲಾಗಿನ್ ಆಗದೆ ಬಂದೋರಿಗೆ ಹೆಸರಿನ ಬದಲು ಯಾವ್ದೋ ಪ್ರಾಣಿ ಹೆಸರು ಬರುತ್ತೆ ನೋಡಿ, ಆ ಪ್ರಾಣಿಗಳಲ್ಲಿ ಯಾರೋ ಒಂದು ಇಡೀ ಪ್ಯಾರಾ ಅಳಿಸಿ ಆ ಜಾಗಕ್ಕೆ ನಗೋ ಎಮೋಜಿ ತುಂಬಿಸಿತ್ತು. ಫೈಲಿನ ಹಳೇ ರೂಪಗಳೆಲ್ಲ ಉಳಿದಿರೋ ವರ್ಷನ್ ಹಿಸ್ಟರಿಗೆ ಹೋಗಿ ಹಳೇದನ್ನ ವಾಪಸ್ ತಂದೆ, ಎರಡು ನಿಮಿಷದ ಕೆಲಸ. ಆಮೇಲಿಂದ ಎಲ್ರೂ ಸ್ಕೂಲ್ ಅಕೌಂಟಲ್ಲೇ ಬರ್ಬೇಕು ಅಂತ ರೂಲ್ ಮಾಡ್ದೆ, ಈಗ ಯಾರ್ಯಾರು ಏನೇನು ಬರೆದ್ರು ಅಂತ ಹಿಸ್ಟರಿಲಿ ಬಣ್ಣಬಣ್ಣವಾಗಿ ಕಾಣುತ್ತೆ, ಬರೀ ಹೆಸರು ಹಾಕ್ಕೊಂಡು ಕೂರೋ ಮಹಾಶಯರು ಸಿಕ್ಕಿಬೀಳ್ತಾರೆ!

ನಂಗೆ ತುಂಬಾ ಹಿಡಿಸಿದ್ದು ಸಜೆಸ್ಟಿಂಗ್ ಮೋಡ್. ನಾನು ತಿದ್ದಿದ್ದು ನೇರ ಬದಲಾಗಲ್ಲ, ಮಗು ನೋಡಿ ಒಪ್ಕೊಂಡ್ರೆ ಮಾತ್ರ ಸೇರುತ್ತೆ, ಕೆಲವರು ಕಾಮೆಂಟಲ್ಲಿ ವಾದಕ್ಕೂ ಇಳೀತಾರೆ, ಇಳೀಲಿ ಬಿಡಿ.

ಒಂದೇ ಫೈಲಲ್ಲಿ 100 ಜನ ಎಡಿಟ್ ಮಾಡಬಹುದು, ಆದ್ರೆ 40 ಮಕ್ಕಳು ಒಂದೇ ಪುಟಕ್ಕೆ ನುಗ್ಗಿದ್ರೆ ಕರ್ಸರ್ ಜಾತ್ರೆ. ನಾಲ್ಕೈದು ಜನಕ್ಕೊಂದು ಫೈಲ್ ಮಾಡಿ. ಗೂಗಲ್‌ದೇ ವೈಟ್‌ಬೋರ್ಡ್ ಆ್ಯಪ್ ಜಾಮ್‌ಬೋರ್ಡ್ 2024ರ ಕೊನೆಗೆ ನಿಂತೋಯ್ತಲ್ಲ, ಇದೂ ಹಾಗಾದ್ರೆ ಅಂತ ತಿಂಗಳಿಗೊಮ್ಮೆ ಎಲ್ಲಾನೂ ಪಿಡಿಎಫ್ ಮಾಡಿ ಇಟ್ಕೊಳ್ತೀನಿ. 5ಕ್ಕೆ 4 ಕೊಡ್ತೀನಿ.