ಸೊನ್ನೆ ಚಪ್ಪಟೆಯಾಗಿದೆ: ಹದಿನಾಲ್ಕು ತಿಂಗಳು ಬಳಸಿದ ಪೆನ್ ಟ್ಯಾಬ್ಲೆಟ್

ಡಬ್ಬಿ ಬಿಚ್ಚಿದ ದಿನ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ದುಡ್ಡು ಕೊಟ್ಟು ಸ್ಲೇಟು ತಂದೆಯಾ?" ಬೆಲೆ 6,800 ರೂಪಾಯಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳ ಮುಂದೆ ಆ ಸಂಖ್ಯೆ ಬಾಯಿಗೆ ಬರಲಿಲ್ಲ. ಮೂರು ಸಾವಿರ ಎಂದೆ. ಓದಿದವರು ಅವಳಿಗೆ ಹೇಳಬೇಡಿ.

ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬೆಲೆಯಲ್ಲಿ ಸಿಗುವ ಟ್ಯಾಬ್ಲೆಟ್‌ಗಳು ಹೆಚ್ಚುಕಡಿಮೆ ಒಂದೇ ಥರ: ಕಂಪ್ಯೂಟರಿಗೆ ಜೋಡಿಸಿ ಚಿತ್ರ ಬರೆಯುವ, ಹತ್ತು ಅಂಗುಲ ಅಗಲ, ಆರು ಅಂಗುಲ ಎತ್ತರದ ಕಪ್ಪು ಹಲಗೆ, ಒತ್ತಡದ 8192 ಹಂತಗಳನ್ನು ಗುರುತಿಸುತ್ತದೆ ಎನ್ನುವ ಪೆನ್ನು. ಪೆನ್ನಿಗೆ ಬ್ಯಾಟರಿ ಇಲ್ಲ. ಹಲಗೆಯೊಳಗಿನ ತಂತಿಜಾಲದ ಕಾಂತಕ್ಷೇತ್ರವೇ ಅದಕ್ಕೆ ಶಕ್ತಿ ಕೊಡುತ್ತದೆ. ಇದು ನಿಜಕ್ಕೂ ಒಳ್ಳೆಯ ಅನುಕೂಲ, ಒಮ್ಮೆಯೂ ಕೈಕೊಟ್ಟಿಲ್ಲ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಇಟ್ಟು ಬರೆಯುವುದು ಮಾತ್ರ ಮೂರು ವಾರ ಕಾಡಿತು. 8192 ಹಂತಗಳಲ್ಲಿ ನನ್ನ ಕೈಗೆ ತಿಳಿಯುವುದು ಬಹುಶಃ ಇಪ್ಪತ್ತು.

ಅಪ್ಪ ಬೋರ್ಡು ಬರೆಯುವವನು. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಕಿರಾಣಿ ಅಂಗಡಿ, ಕ್ಷೌರದಂಗಡಿ, ಲಾರಿಗಳ ಹಿಂಬದಿ. ಫ್ಲೆಕ್ಸ್ ಬಂದ ಮೇಲೆ ಗೋಡೆಗೆ ಸುಣ್ಣ ಬಳಿಯುವ ಕೆಲಸಕ್ಕೆ ಇಳಿದ. 2018ರಲ್ಲಿ ಹೈಕೋರ್ಟ್ ಬೆಂಗಳೂರಿನ ಫ್ಲೆಕ್ಸ್‌ಗಳನ್ನು ತೆಗೆಸಲು ಹೇಳಿದ ಸುದ್ದಿ ಬಂದಾಗ ಹಳೆಯ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದ. ನಮ್ಮ ಓಣಿಯವರೆಗೆ ಆ ಕೆಲಸ ಬರಲಿಲ್ಲ.

ಅವನ ಕೈಗೆ ಈ ಪೆನ್ನು ಕೊಟ್ಟಿದ್ದು ಐದು ತಿಂಗಳ ಬಳಿಕ, ದೀಪಾವಳಿಗೆ ಊರಿಗೆ ಹೋದಾಗ. ಕುಂಚದಂತೆ ತುದಿಯಿಂದ ದೂರ ಹಿಡಿದು, ಎಡಗೈ ಮುಷ್ಟಿಯ ಮೇಲೆ ಬಲಗೈ ಊರಿದ. ಪೆನ್ನು ತೀರಾ ಓರೆಯಾಗಿ ಗೆರೆ ಒಂದಿಷ್ಟು ಪಕ್ಕಕ್ಕೆ ಸರಿಯಿತು. (ಇದು ದೋಷವೇ. ಅರವತ್ತು ಡಿಗ್ರಿವರೆಗೆ ಓರೆ ಹಿಡಿಯಬಹುದು ಎಂದು ಡಬ್ಬಿಯ ಮೇಲಿದೆ, ಅಷ್ಟರೊಳಗೇ ಸರಿಯುತ್ತದೆ.) "ದಾರ ಎಲ್ಲಿ?" ಎಂದ. ಅಕ್ಷರ ಬರೆಯುವ ಮುನ್ನ ಸುಣ್ಣದ ಪುಡಿ ಸವರಿದ ದಾರವನ್ನು ಎಳೆದು ಮೀಟಿ ಗೆರೆ ಹಾಕುವುದು ಅವನ ಪದ್ಧತಿ. ಚಿತ್ರ ಬರೆಯುವ ತಂತ್ರಾಂಶ ಕ್ರಿಟಾದಲ್ಲಿ ಎರಡು ಅಡ್ಡಗೆರೆ ಹಾಕಿಕೊಟ್ಟೆ. "ರಂಗ" ಎಂದು ಬರೆದವನು ಪರದೆ ನೋಡಿ ಮುಖ ಸಿಂಡರಿಸಿದ.

"ಸೊನ್ನೆ ಚಪ್ಪಟೆಯಾಗಿದೆ, ತಾಯಿ. ನನ್ನ ಕೈ ಗುಂಡಗೇ ತಿರುಗಿದೆ."

ಕೈ ನಡುಗಿರಬೇಕು ಎಂದುಕೊಂಡು ಹಲಗೆಯ ಮೇಲೆ ಬಳೆ ಇಟ್ಟು ಸುತ್ತಲೂ ಗೀಚಿದೆ. ಪರದೆಯ ಮೇಲೆ ಮೊಟ್ಟೆ. ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆ ಹದಿನಾರಕ್ಕೆ ಒಂಬತ್ತರ ಅನುಪಾತದ್ದು, ಹಲಗೆ ಹತ್ತಕ್ಕೆ ಆರರದು. ಇಡೀ ಹಲಗೆಯನ್ನು ಇಡೀ ಪರದೆಗೆ ಹೊಂದಿಸಿದರೆ ಎಲ್ಲವೂ ಅಡ್ಡಕ್ಕೆ ನೂರಕ್ಕೆ ಏಳರಷ್ಟು ಹಿಗ್ಗುತ್ತದೆ. ನೆಟ್ಟಗಿನ ಗೆರೆಗಳ ಲಿಪಿಯಲ್ಲಿ ಇದು ಅಷ್ಟು ಎದ್ದು ಕಾಣದೇನೋ. ಕನ್ನಡದಲ್ಲಿ ಅಕ್ಷರಕ್ಕೊಂದು ದುಂಡು ಇದೆ. ಸೆಟ್ಟಿಂಗ್ಸ್‌ನಲ್ಲಿ ಅನುಪಾತ ಕಾಯ್ದುಕೊಳ್ಳುವ ಆಯ್ಕೆಗೆ ಗುರುತು ಹಾಕಿದರೆ ಸರಿಹೋಗುತ್ತದೆ. ಹಲಗೆಯ ಅಂಚಿನಲ್ಲಿ ಅರ್ಧ ಅಂಗುಲಕ್ಕೂ ಕಡಿಮೆ ಜಾಗ ಬಿಟ್ಟುಕೊಡಬೇಕು, ಅಷ್ಟೇ. ಆ ಆಯ್ಕೆಯನ್ನು ಮೊದಲೇ ಹಾಕಿಡದ ಕಂಪನಿಗೆ ಒಂದು ಅಂಕ ಕಳೆಯುತ್ತೇನೆ. ನಾಲ್ಕು ವರ್ಷ ದೃಶ್ಯಕಲೆ ಓದಿ, ಐದು ತಿಂಗಳು ಮಕ್ಕಳ ಪುಸ್ತಕದ ಚಂದಿರನನ್ನೆಲ್ಲ ಮೊಟ್ಟೆಯಾಗಿ ಬರೆದ ನನಗೆ ಎಷ್ಟು ಕಳೆಯಬೇಕೋ.

ಆ ಪುಸ್ತಕದ ಬಗ್ಗೆ ಅಪ್ಪ ಕೇಳಿದ್ದು "ಅಡ್ವಾನ್ಸ್ ಎಷ್ಟು ಕೊಟ್ಟಿದ್ದಾರೆ?" ಎಂದು. ಬೋರ್ಡಿಗೆ ಅರ್ಧ ದುಡ್ಡು ಬಣ್ಣ ತರುವ ಮುಂಚೆ, ಉಳಿದರ್ಧ ಒಣಗಿದ ಸಂಜೆ. ನನಗೆ ಪುಸ್ತಕ ಅಚ್ಚಾದ ಮೇಲೆ. ಟ್ಯಾಬ್ಲೆಟ್ಟಿನ ಆರು ಕಂತು ತೀರಿದರೂ ಆ ಪುಸ್ತಕದ ಹಣ ಬಂದಿರಲಿಲ್ಲ. ಕಂತಿನಲ್ಲಿ ಕೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಪೆನ್ನಿನ ಮೊನೆಗಳ ವಿಷಯ. ಹೆಚ್ಚುವರಿ ಹತ್ತು ಕೊಡುತ್ತಾರೆ. ಸವೆದ ಮೊನೆ ಒಂದು ಬದಿಗೆ ಉಳಿಯಂತೆ ಚೂಪಾಗಿ ಹಲಗೆಯನ್ನು ಗೀರುತ್ತದೆ, ಆಗ ಬದಲಿಸಿ ಎನ್ನುತ್ತದೆ ಕೈಪಿಡಿ. ನಾನು ಎಸೆಯಲು ಹೊರಟಿದ್ದನ್ನು ಅಪ್ಪ ಕಸಿದುಕೊಂಡು, ತಗಡು ಉಜ್ಜುವ 400ರ ನೀರು ಕಾಗದದ ಮೇಲೆ ನಾಲ್ಕು ಸುತ್ತು ತಿರುಗಿಸಿ ಮತ್ತೆ ದುಂಡು ಮಾಡಿಕೊಟ್ಟ. ಹದಿನಾಲ್ಕು ತಿಂಗಳಿಗೆ ಡಬ್ಬಿಯಲ್ಲಿ ಇನ್ನೂ ಒಂಬತ್ತು ಉಳಿದಿವೆ.